ಅಂಜಿಕೆಗೆ ಒಂದು ಕೆಲಸ ಕೊಡಬೇಕು

ಮುಷ್ಟಿಯುದ್ಧವನ್ನು ಕಲಿಯಲೆಂದು ಹೋದವನಿಗೆ ಮೊದಮೊದಲ ಕೆಲವು ತಿಂಗಳು ಅದು ಬಹುಮಟ್ಟಿಗೆ ಏಕಾಂತದ ವಿದ್ಯೆಯಾಗಿಯೇ ಇರುತ್ತದೆ. ಕನ್ನಡಿಯ ಮುಂದೆ ನಿಂತು ಇಲ್ಲದ ಎದುರಾಳಿಯೊಡನೆ ಕಾದುವುದು, ಹಗ್ಗ ಜಿಗಿಯುವುದು, ತೂಗುಹಾಕಿದ ಚೀಲವನ್ನು ಬೆವರು ಸುರಿಯುವ ತನಕ ಗುದ್ದುವುದು, ಗುರುವು ಹಿಡಿದ ಪ್ಯಾಡಿನ ಮೇಲೆ ತನ್ನ ಮುಷ್ಟಿ ಸರಿಯಾಗಿ ಬಿದ್ದಾಗ ಏಳುವ ಗಟ್ಟಿಯಾದ ಸದ್ದಿಗೆ ಒಳಗೊಳಗೇ ಹಿಗ್ಗುವುದು, ಇವೇ ಅವನ ದಿನಚರಿ. ಇಷ್ಟರಲ್ಲಿ ಭಯಕ್ಕೆ ಆಸ್ಪದವೇ ಇಲ್ಲ. ಚೀಲವು ಎಷ್ಟು ಪೆಟ್ಟು ತಿಂದರೂ ತಿರುಗಿ ಹೊಡೆಯದು, ಕನ್ನಡಿಯು ಯಾರ ಮೂಗಿಗೂ ಗುದ್ದಿದ್ದಿಲ್ಲ. ಆದರೆ ಒಂದು ದಿನ ಗುರುವು ಅವನ ಬಾಯಿಗೆ ಹಲ್ಲುಗವಸನ್ನೂ ತಲೆಗೆ ಹೆಡ್‌ಗಾರ್ಡನ್ನೂ ತೊಡಿಸಿ, ರಿಂಗಿನೊಳಕ್ಕೆ ಕಳುಹಿಸಿ, ಅವನಂತೆಯೇ ಎರಡು ಕೈಗಳುಳ್ಳ, ಅವನಂತೆಯೇ ಹೊಡೆಯಲು ಕಲಿತ ಇನ್ನೊಬ್ಬನ ಎದುರಿಗೆ ನಿಲ್ಲಿಸಿದೊಡನೆ, ಅದುವರೆಗೆ ಕಲಿತ ವಿದ್ಯೆಯೆಲ್ಲವೂ, ಕರ್ಣನಿಗೆ ಕಡೆಯ ಗಳಿಗೆಯಲ್ಲಿ ಅಸ್ತ್ರಮಂತ್ರವು ಮರೆತುಹೋದಂತೆ, ನೆನಪಿನಿಂದ ಜಾರಿಹೋಗುತ್ತದೆ.

ಬಲ್ಲವರು ಸ್ಪಾರಿಂಗ್ ಎಂದು ಕರೆಯುವ ಈ ಅಭ್ಯಾಸಕಾಳಗದಲ್ಲಿ ಹೊಸಬನು ಹಿಂಜರಿಯುವುದನ್ನು ಕಂಡಾಗ ಸುತ್ತ ನಿಂತವರ ಬಾಯಲ್ಲಿ ಎರಡು ಉಪದೇಶಗಳು ಯಾವಾಗಲೂ ಸಿದ್ಧವಾಗಿರುತ್ತವೆ. ‘ಹೆದರಬೇಡ’ ಎಂಬುದು ಒಂದು. ‘ನಾಲ್ಕು ಏಟು ಬಿದ್ದರೆ ಹೆದರಿಕೆ ತಾನಾಗಿ ಬಿಟ್ಟುಹೋಗುತ್ತದೆ’ ಎಂಬುದು ಇನ್ನೊಂದು. ಮೊದಲನೆಯದು ನಿರರ್ಥಕವಾದದ್ದು, ಹೆದರಿಕೆಯು ಅಪ್ಪಣೆಗೆ ಬಗ್ಗುವ ವಸ್ತುವಾಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಎರಡನೆಯದು ಅದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದು ಒಮ್ಮೊಮ್ಮೆ ಫಲಿಸಿದಂತೆ ತೋರುತ್ತದೆ: ಹಾಗೆ ನೂಕಲ್ಪಟ್ಟ ಹೊಸಬರಲ್ಲಿ ಒಬ್ಬಿಬ್ಬರು ಗಟ್ಟಿಗರು ಉಳಿದುಕೊಳ್ಳುತ್ತಾರೆ, ಆ ಒಬ್ಬಿಬ್ಬರನ್ನು ಕಂಡವರು ಪದ್ಧತಿಯನ್ನು ಕೊಂಡಾಡುತ್ತಾರೆ, ಮರುವಾರದಿಂದ ಆ ಬಾಗಿಲಿಗೆ ಬಾರದೆಹೋದ ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ನನ್ನ ಅಭಿಪ್ರಾಯವಿಷ್ಟು: ಹೊಸಬನ ಅಂಜಿಕೆಯು ಅವನ ಶೀಲದ ದೋಷವಲ್ಲ, ಅದನ್ನು ನೀಗಿಸುವ ಹೊಣೆಯೂ ಅವನೊಬ್ಬನದಲ್ಲ. ಅಂಜಿದವನ ಕೈಗೆ ಅವನ ಅಳವಿಗೆ ತಕ್ಕ ಕೆಲಸವೊಂದನ್ನು ಕೊಟ್ಟು, ಅದು ಕೈವಶವಾದ ಮೇಲೆ ಅದಕ್ಕಿಂತ ಕೊಂಚ ದೊಡ್ಡದಾದ ಇನ್ನೊಂದನ್ನು ಕೊಡುತ್ತ ಹೋದರೆ ಅಂಜಿಕೆಯು ಮೆಲ್ಲನೆ ಸಡಿಲವಾಗುತ್ತದೆ. ಆ ಕೆಲಸವನ್ನು ಅಳೆದು ಕೊಡಬೇಕಾದವರು ಗುರುವೂ, ಎದುರಿಗೆ ನಿಂತ ಜೊತೆಗಾರನೂ.

ಅಂಜಿಕೆಯು ಮನಸ್ಸಿನ ವಿಕಾರವೆಂದು ಹೇಳುವುದು ರೂಢಿಯಾದರೂ, ರಿಂಗಿನೊಳಗೆ ನಿಂತ ಹೊಸಬನನ್ನು ಕೊಂಚ ಗಮನವಿಟ್ಟು ನೋಡಿದರೆ ಅದು ಮೈಯಲ್ಲೆಲ್ಲ ಹರಡಿರುವುದು ಕಾಣುತ್ತದೆ. ಮುಖದತ್ತ ಯಾವುದಾದರೊಂದು ವಸ್ತು ವೇಗವಾಗಿ ಬಂದರೆ ರೆಪ್ಪೆ ಮುಚ್ಚುವುದು, ಕುತ್ತಿಗೆ ಕುಗ್ಗುವುದು, ಭುಜಗಳು ಕಿವಿಯವರೆಗೆ ಏರುವುದು, ಇವೆಲ್ಲವೂ ನಾವು ಕಲಿತದ್ದಲ್ಲ; ಕಣ್ಣನ್ನೂ ಕೊರಳನ್ನೂ ಕಾಪಾಡಲೆಂದು ಪ್ರಕೃತಿಯೇ ಇಟ್ಟ ಕಾವಲು. ಮುಷ್ಟಿಯುದ್ಧದಲ್ಲಾದರೋ ಈ ಕಾವಲೇ ದ್ರೋಹ ಬಗೆಯುತ್ತದೆ: ಕಣ್ಣು ಮುಚ್ಚಿದವನಿಗೆ ಮುಂದಿನ ಪೆಟ್ಟು ಕಾಣದು, ಮುಖ ತಿರುಗಿಸಿದವನ ದವಡೆ ಬಯಲಿಗೆ ಬೀಳುತ್ತದೆ, ಕಾಣದೆ ಬಂದ ಪೆಟ್ಟೇ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದೆಂಬುದು ಆ ವಿದ್ಯೆಯಲ್ಲಿ ಪಳಗಿದವರೆಲ್ಲರ ಮಾತು. ಇದರ ಜೊತೆಗೆ ಅವನು ತನಗೆ ಅರಿವಿಲ್ಲದೆಯೇ ಉಸಿರು ಬಿಗಿಹಿಡಿದಿರುತ್ತಾನೆ. ತೋಳು, ಭುಜ, ಹೊಟ್ಟೆ ಎಲ್ಲವನ್ನೂ ಒಮ್ಮೆಗೇ ಸೆಟೆಸಿಕೊಂಡಿರುತ್ತಾನೆ. ಆದುದರಿಂದಲೇ ಚೀಲದ ಮೇಲೆ ಸುತ್ತಿನ ಮೇಲೆ ಸುತ್ತು ದಣಿಯದೆ ಗುದ್ದಬಲ್ಲವನು ಸ್ಪಾರಿಂಗಿನ ಮೊದಲ ಸುತ್ತು ಮುಗಿಯುವ ಮುನ್ನವೇ ಏದುಸಿರು ಬಿಡುವುದು. ಆ ದಣಿವನ್ನು ಅವನು ತನ್ನ ದೇಹಬಲದ ಕೊರತೆಯೆಂದು ತಿಳಿದು, ಮರುದಿನದಿಂದ ಇನ್ನಷ್ಟು ಓಡಲು ತೊಡಗುತ್ತಾನೆ. ಓಟದಿಂದ ಬಗೆಹರಿಯುವ ದಣಿವು ಅದಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳತಕ್ಕದ್ದು. ಕಣ್ಣು ಕಂಡದ್ದಕ್ಕೆ ಕೈ ಉತ್ತರ ಕೊಡಬೇಕಾದರೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಕಾಲ ಬೇಕಾಗುತ್ತದೆ. ಪಳಗಿದವನ ನೇರವಾದ ಗುದ್ದು ಅಷ್ಟರೊಳಗಾಗಿ ಗುರಿ ಮುಟ್ಟಿರುತ್ತದೆ. ಎಂದಮೇಲೆ ಎದುರಾಳಿಯ ಕೈಗವಸನ್ನೇ ಎವೆಯಿಕ್ಕದೆ ನೋಡುತ್ತ, ಅದು ಹೊರಟ ಮೇಲೆ ತಪ್ಪಿಸಿಕೊಳ್ಳುವೆನೆಂದು ನಂಬಿ ನಿಂತ ಹೊಸಬನು ಪ್ರತಿಸಲವೂ ತಡವಾಗಿಯೇ ಎಚ್ಚರಗೊಳ್ಳುತ್ತಾನೆ. ಅನುಭವಿಯು ಗವಸನ್ನು ನೋಡುವುದಿಲ್ಲ. ಎದೆಯ ಮೇಲೆ ದೃಷ್ಟಿಯನ್ನು ಸಡಿಲವಾಗಿ ನಿಲ್ಲಿಸಿ, ಭುಜವು ಅಲುಗಿದ್ದನ್ನೂ ಪಾದವು ಊರಿದ್ದನ್ನೂ ಕಂಡು, ಗುದ್ದು ಹೊರಡುವ ಮೊದಲೇ ಅದರ ಸುಳಿವು ಹಿಡಿಯುತ್ತಾನೆ. ಹೊರಗಿನವರ ಕಣ್ಣಿಗೆ ಧೈರ್ಯವೆಂದು ತೋರುವುದರಲ್ಲಿ ಬಹುಪಾಲು ಇಂಥ ತಿಳಿವಳಿಕೆಯೇ ಆಗಿದೆ. ತಿಳಿವಳಿಕೆಯೆಂದ ಮೇಲೆ ಅದನ್ನು ಕಲಿಸಲೂಬಹುದು, ಕಲಿಯಲೂಬಹುದು.

ಹೊಸಬನ ಹಿಂಜರಿಕೆಯು ಒಂದೇ ಬೇರಿನಿಂದ ಹುಟ್ಟಿದ್ದೂ ಅಲ್ಲ. ಪೆಟ್ಟು ಬೀಳುವುದೆಂಬ ಅಂಜಿಕೆಯನ್ನು ಎಲ್ಲರೂ ಬಲ್ಲರು. ಪೆಟ್ಟು ಕೊಡಬೇಕಾಗುವುದೆಂಬ ಸಂಕೋಚವನ್ನು ಗುರುತಿಸುವವರು ಕಡಿಮೆ. ಯಾರ ಮೇಲೂ ಕೈ ಮಾಡಬಾರದೆಂದು ಬಾಲ್ಯದಿಂದ ಹೇಳಿಸಿಕೊಂಡು ಬೆಳೆದ ಸಭ್ಯನೊಬ್ಬನು ಈಗ ತಾನೆ ನಗುನಗುತ್ತ ಕೈಪಟ್ಟಿ ಸುತ್ತಿಕೊಟ್ಟ ಗೆಳೆಯನ ಮೂಗಿಗೆ ಗುರಿಯಿಡಬೇಕಾಗಿ ಬಂದಾಗ, ಅವನ ಮುಷ್ಟಿಯು ನಾಲ್ಕಂಗುಲ ಈಚೆಗೇ ನಿಂತುಬಿಡುತ್ತದೆ. ತಪ್ಪಿ ತಗುಲಿತೋ, ಅವನು ಕಾಳಗವನ್ನೇ ಮರೆತು ‘ಸಾರಿ’ ಎನ್ನುತ್ತ ಕೈಗಳನ್ನು ಇಳಿಸುತ್ತಾನೆ. ಇದು ಹೇಡಿತನವಲ್ಲ, ಒಳ್ಳೆಯ ಸಂಸ್ಕಾರದ ಗುರುತು. ಆದರೂ ಕೈ ಇಳಿಸಿದವನಿಗೆ ಪೆಟ್ಟು ಬೀಳುತ್ತದೆಂಬುದು ನಿಜ. ಮೂರನೆಯ ಬೇರು ನಾಚಿಕೆ. ರಿಂಗಿನ ಹೊರಗೆ ಹಗ್ಗಕ್ಕೆ ಮೊಣಕೈಯೂರಿ ನೋಡುವವರಿರುತ್ತಾರೆ, ಇತ್ತೀಚೆಗೆ ಮೊಬೈಲು ಹಿಡಿದು ಚಿತ್ರ ತೆಗೆಯುವವರೂ ಇರುತ್ತಾರೆ. ಮೂಗಿಗೆ ಬಿದ್ದ ಪೆಟ್ಟು ಗಳಿಗೆಯಲ್ಲಿ ಮಾಯಬಹುದು, ಅವರ ನಗೆಯು ರಾತ್ರಿಯೆಲ್ಲ ಉರಿಯುತ್ತದೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಮದ್ದು ಕೊಡುವ ಗುರುವು, ರೋಗವನ್ನು ಕೇಳದೆಯೇ ಪುಡಿ ಕಟ್ಟಿಕೊಡುವ ಪಂಡಿತನಾಗುತ್ತಾನೆ.

ಮುಷ್ಟಿಯುದ್ಧದ ಇತಿಹಾಸವನ್ನು ನೋಡಿದರೆ ಹೊಸಬನ ಅಂಜಿಕೆಯು ಹಿಂದಿನವರಿಗೆ ನಗೆಯ ವಿಷಯವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಬರಿಗೈಯಲ್ಲಿ ಬಡಿದಾಡುತ್ತಿದ್ದ ಇಂಗ್ಲೆಂಡಿನಲ್ಲಿ 1743ರಲ್ಲಿ ಆ ಆಟಕ್ಕೆ ಮೊದಲ ಲಿಖಿತ ನಿಯಮಗಳನ್ನು ಮಾಡಿದ ಜ್ಯಾಕ್ ಬ್ರಾಟನ್ ಎಂಬ ಹೆಸರಾಂತ ಮಲ್ಲನು, 1747ರಲ್ಲಿ ಲಂಡನ್ನಿನ ಹೇಮಾರ್ಕೆಟ್ಟಿನಲ್ಲಿ ಗಣ್ಯರಿಗೆ ಈ ವಿದ್ಯೆಯನ್ನು ಕಲಿಸುವ ಶಾಲೆಯನ್ನು ತೆರೆದಾಗ, ಕಲಿಯಬಂದವರಿಗೆ ಕಣ್ಣು ಕಪ್ಪಾಗದಂತೆ, ದವಡೆ ಮುರಿಯದಂತೆ, ಮೂಗಿನಲ್ಲಿ ರಕ್ತ ಸುರಿಯದಂತೆ ಮೆತ್ತನೆಯ ಕೈಗವಸುಗಳನ್ನು ಒದಗಿಸಲಾಗುವುದೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟನು. ಹಣ ಪಣವಿಟ್ಟು ಹೋರಾಡುವ ಜಟ್ಟಿಗಳಿಗೆ ಆ ಗವಸು ಇರಲಿಲ್ಲ. ಇಂದು ನಾವು ಮುಷ್ಟಿಯುದ್ಧದ ಚಿಹ್ನೆಯೆಂದೇ ತಿಳಿದಿರುವ ಆ ಕೈಗವಸು ಮೊದಲಿಗೆ ಒದಗಿದ್ದು ಕಲಿಯುವವರ ಅಭ್ಯಾಸಕ್ಕಾಗಿ. ಸ್ಪರ್ಧೆಯಲ್ಲೂ ಅದನ್ನು ತೊಡಬೇಕೆಂದು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮವೆಂದು ವಿಧಿಸಿದ ಕ್ವೀನ್ಸ್‌ಬೆರಿ ನಿಯಮಗಳು ಬಂದದ್ದು ಅದಾದ ನೂರಿಪ್ಪತ್ತು ವರ್ಷಕ್ಕೆ, 1867ರಲ್ಲಿ. ಹುಟ್ಟಿನಿಂದ ಕಾಲಿನ ಊನವಿದ್ದ ಕವಿ ಬೈರನ್ನನು ಜಾನ್ ಜ್ಯಾಕ್ಸನ್ ಎಂಬ ಮಾಜಿ ಚಾಂಪಿಯನ್ನನ ಬಾಂಡ್ ಸ್ಟ್ರೀಟಿನ ಶಾಲೆಗೆ ಹೋಗಿ ಉತ್ಸಾಹದಿಂದ ಅಭ್ಯಾಸ ಮಾಡುತ್ತಿದ್ದುದು ಸಾಧ್ಯವಾದದ್ದು ಆ ಮೆತ್ತನೆಯ ಗವಸಿನ ದೆಸೆಯಿಂದಲೇ.

ಅಂಜುವವರು ಎಳಸುಗಳು ಮಾತ್ರವೆಂದು ತಿಳಿಯುವುದೂ ತಪ್ಪು. 1956ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ ಹೆವಿವೇಯ್ಟ್ ವಿಭಾಗದ ಜಗಜ್ಜೇತನಾದ ಫ್ಲಾಯ್ಡ್ ಪ್ಯಾಟರ್ಸನ್, 1962ರಲ್ಲಿ ಶಿಕಾಗೋವಿನಲ್ಲಿ ಸೋನಿ ಲಿಸ್ಟನ್ನನ ಎದುರು ಮೊದಲ ಸುತ್ತಿನಲ್ಲೇ ಉರುಳಿದ ಮೇಲೆ, ಮುಖ ತೋರಿಸಲಾರದೆ, ಮುಂಚೆಯೇ ಸಿದ್ಧಮಾಡಿಟ್ಟುಕೊಂಡಿದ್ದ ಕಟ್ಟುಗಡ್ಡ ತೊಟ್ಟು ಅಲ್ಲಿಂದ ಹೊರಟುಹೋದನು. ಮುಂದೆ ಅವನು ಗೇ ಟಲೀಸ್ ಎಂಬ ಲೇಖಕನೆದುರು, ತಾನೊಬ್ಬ ಹೇಡಿಯೆಂದು ಸಂಕೋಚವಿಲ್ಲದೆ ಹೇಳಿಕೊಂಡನು. ಹೀಗೆ ಹೇಳಿಕೊಂಡವನೇ, ಇಂಗೆಮಾರ್ ಯೊಹಾನ್ಸನ್ನನ ಕೈಯಲ್ಲಿ 1959ರಲ್ಲಿ ಏಳು ಸಲ ನೆಲಕ್ಕುರುಳಿ ಪಟ್ಟವನ್ನು ಕಳೆದುಕೊಂಡು, ಮರುವರ್ಷವೇ ಅದನ್ನು ಗೆದ್ದುಕೊಂಡು, ಕಳೆದುಹೋದ ಹೆವಿವೇಯ್ಟ್ ಪಟ್ಟವನ್ನು ಮರಳಿ ಪಡೆದವರಲ್ಲಿ ಮೊದಲಿಗನೆನಿಸಿದವನು. ಮೈಕ್ ಟೈಸನ್ ಹದಿಹರೆಯದಲ್ಲಿ, 1982ರ ಜೂನಿಯರ್ ಒಲಿಂಪಿಕ್ಸಿನ ಕಾಳಗಕ್ಕೆ ಮುನ್ನ, ಶಿಕ್ಷಕನಾದ ಟೆಡ್ಡಿ ಅಟ್ಲಾಸನ ಹೆಗಲಿಗೊರಗಿ ಅಳುತ್ತಿರುವ ದೃಶ್ಯವು ಚಲನಚಿತ್ರದಲ್ಲಿ ಉಳಿದಿದೆ. ಕಣ್ಣೊರಸಿಕೊಂಡು ಒಳಹೊಕ್ಕ ಆ ಹುಡುಗನು ಅಂದಿನ ಸ್ಪರ್ಧೆಯನ್ನು ಗೆದ್ದನು, ನಾಲ್ಕು ವರ್ಷಗಳ ತರುವಾಯ ಇಪ್ಪತ್ತರ ವಯಸ್ಸಿನಲ್ಲಿ ಜಗಜ್ಜೇತನೂ ಆದನು.

ಈ ಇಬ್ಬರನ್ನೂ ಬೆಳೆಸಿದ ಗುರುವೊಬ್ಬನೇ: ನ್ಯೂಯಾರ್ಕ್ ರಾಜ್ಯದ ಕಾನ್‌ಸ್ಟಂಟೈನ್ ಡಿ’ಅಮ್ಯಾಟೊ, ಜನರ ಬಾಯಲ್ಲಿ ‘ಕಸ್’. ಭಯವೆಂಬುದು ಬೆಂಕಿಯಂತೆ, ಹತೋಟಿಯಲ್ಲಿಟ್ಟರೆ ಅಡುಗೆ ಬೇಯಿಸುತ್ತದೆ, ಕೈಮೀರಿದರೆ ಮನೆ ಸುಡುತ್ತದೆ ಎಂಬುದು ಅವನು ಶಿಷ್ಯರಿಗೆ ಮತ್ತೆಮತ್ತೆ ಹೇಳುತ್ತಿದ್ದ ಮಾತಿನ ತಾತ್ಪರ್ಯ. ಶೂರನಿಗೂ ಹೇಡಿಗೂ ಒಳಗೆ ಆಗುವುದು ಒಂದೇ, ಮಾಡುವುದು ಮಾತ್ರ ಬೇರೆ ಎಂಬುದು ಇನ್ನೊಂದು. ಈ ಮಾತುಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಡಿ’ಅಮ್ಯಾಟೊ ಮಾತನ್ನಾಡಿ ಸುಮ್ಮನಾದವನಲ್ಲವೆಂಬುದನ್ನು ಮರೆಯುತ್ತಾರೆ. ಅವನು ಶಿಷ್ಯನ ಎರಡು ಗವಸುಗಳನ್ನೂ ಕೆನ್ನೆಗೆ ಒತ್ತಿ ನಿಲ್ಲುವ ಭಂಗಿಯನ್ನು ಕಲಿಸಿದನು. ತೂಗಾಡುವ ಸಣ್ಣ ಚೀಲದ ಮುಂದೆ ನಿಲ್ಲಿಸಿ, ಅದು ಮುಖದತ್ತ ಬಂದಾಗಲೆಲ್ಲ ತಲೆಯನ್ನು ಅತ್ತಿತ್ತ ಸರಿಸುವುದನ್ನು ಸಹಜವಾಗುವ ತನಕ ಮಾಡಿಸಿದನು. ಒಂದೊಂದು ಗುದ್ದಿಗೂ ಒಂದೊಂದು ಅಂಕಿಯಿಟ್ಟು, ಅಂಕಿಯನ್ನು ಕೂಗಿದೊಡನೆ ಯೋಚನೆಗೆ ಎಡೆಯಿಲ್ಲದೆ ಕೈ ಹೊರಡುವಂತೆ ತರಬೇತುಗೊಳಿಸಿದನು. ಬೆಂಕಿಯ ಉಪಮಾನವನ್ನು ಕೇಳಿ ಧೈರ್ಯ ಬಂದವರುಂಟೋ ಇಲ್ಲವೋ, ತಲೆ ಸರಿಸಲು ಬಂದುದರಿಂದ ಧೈರ್ಯ ಬಂದವರಂತೂ ಉಂಟು.

ನಮ್ಮವರಿಗೆ ಇದನ್ನು ಹೇಳಲು ನ್ಯೂಯಾರ್ಕಿನವರೆಗೆ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ವಿರಾಟನ ಮಗನಾದ ಉತ್ತರಕುಮಾರನ ಹೆಸರು ನಮ್ಮಲ್ಲಿ ಬರಿಯ ಬಡಾಯಿಗೆ ಪರ್ಯಾಯವಾಗಿಬಿಟ್ಟಿದೆ; ಅವನ ಪೌರುಷವೆಲ್ಲ ಒಲೆಯ ಮುಂದೆ ಎಂದು ಗಾದೆಯೂ ಇದೆ. ಅಂತಃಪುರದ ಹೆಂಗಳೆಯರೆದುರು ಕೊಚ್ಚಿಕೊಂಡು ರಥವೇರಿ ಹೊರಟ ಆ ರಾಜಕುಮಾರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ್ದನ್ನು ಕುಮಾರವ್ಯಾಸನಿಂದ ಕೇಳಿ ನಾವು ತಲೆಮಾರುಗಳಿಂದ ನಗುತ್ತ ಬಂದಿದ್ದೇವೆ. ಆದರೆ ಓಡಿದವನನ್ನು ಬೆನ್ನಟ್ಟಿ ಹಿಡಿದ ಬೃಹನ್ನಳೆಯು ಆಮೇಲೆ ಏನು ಮಾಡಿದಳೆಂಬುದನ್ನು ಗಮನಿಸಬೇಕು. ಧೈರ್ಯದ ಉಪದೇಶವನ್ನಷ್ಟೇ ಮಾಡಿ ಅವನನ್ನು ಭೀಷ್ಮದ್ರೋಣರ ಬಾಣಗಳ ಮುಂದಕ್ಕೆ ತಳ್ಳಲಿಲ್ಲ. ಹೋಗೆಂದು ಊರಿಗೆ ಅಟ್ಟಲೂ ಇಲ್ಲ. ಅವನ ಕೈಗೆ ಕುದುರೆಗಳ ಲಗಾಮನ್ನು ಕೊಟ್ಟಳು. ಹೋರಾಡಲಾರದವನು ರಥ ನಡೆಸಬಲ್ಲನಷ್ಟೆ. ಆ ಒಂದು ಕೆಲಸವನ್ನು ಹಿಡಿದುಕೊಂಡು ಅವನು, ತಾನು ನೋಡಿ ಓಡಿದ ಅದೇ ಸೇನೆಯ ನಡುವೆ ಅಂದು ಹಗಲೆಲ್ಲ ನಿಂತನು. ಅವನೇ ಮುಂದೆ ಕುರುಕ್ಷೇತ್ರದ ಮೊದಲ ದಿನ ಆನೆಯೇರಿ ಶಲ್ಯನ ಮೇಲೆ ನುಗ್ಗಿ ಹೋರಾಡಿ ಮಡಿದನೆಂಬುದನ್ನು ಗಾದೆ ಹೇಳುವವರು ನೆನೆಯುವುದಿಲ್ಲ.

ಒಳ್ಳೆಯ ಬಾಕ್ಸಿಂಗ್ ಗುರುಗಳು ಮಾಡುವುದೂ ಇಂಥದೇ. ಅವರು ಹೊಸಬನಿಗೆ ಇಡೀ ಕಾಳಗವನ್ನು ಒಮ್ಮೆಗೇ ಹೊರಿಸುವುದಿಲ್ಲ. ಅದನ್ನು ಬಿಡಿಸಿ, ಒಂದೊಂದು ಎಳೆಯನ್ನಾಗಿ ಕೊಡುತ್ತಾರೆ. ಮೊದಲು ಗವಸಿಲ್ಲದೆ, ಎದುರುಬದುರಾಗಿ ನಿಂತು, ಅಂಗೈಯಿಂದ ಒಬ್ಬರ ಭುಜವನ್ನೊಬ್ಬರು ಮುಟ್ಟುವ ಆಟ. ಇದರಲ್ಲಿ ನೋವಿಲ್ಲ, ಆದರೆ ದೂರವನ್ನು ಅಳೆಯುವುದೂ ಕಾಲು ಸರಿಸುವುದೂ ಬರುತ್ತವೆ, ಮೇಲಾಗಿ ನಗುವೂ ಬರುತ್ತದೆ. ಬಳಿಕ ಗವಸು ತೊಟ್ಟು, ಬರುವ ಗುದ್ದು ಯಾವುದೆಂದು ಮೊದಲೇ ತಿಳಿದಿರುವ ಅಭ್ಯಾಸ: ಜೊತೆಗಾರನು ಮುಂದಿನ ಕೈಯ ನೇರವಾದ ಗುದ್ದನ್ನು, ಎಂದರೆ ಜ್ಯಾಬನ್ನು, ನಿಧಾನವಾಗಿ ಹಣೆಯತ್ತ ಕಳುಹಿಸುತ್ತಾನೆ, ಇವನು ಅದನ್ನು ಅಂಗೈಯಲ್ಲಿ ಹಿಡಿಯುತ್ತಾನೆ, ಇಲ್ಲವೆ ಪಕ್ಕಕ್ಕೆ ತಟ್ಟುತ್ತಾನೆ, ನೂರಾರು ಸಲ ಹೀಗಾದ ಮೇಲೆ ಕಣ್ಣು ಮುಚ್ಚದಿರಲು ಕಲಿಯುತ್ತದೆ. ಆಮೇಲೆ ಇಬ್ಬರೂ ಜ್ಯಾಬನ್ನು ಮಾತ್ರ ಬಳಸತಕ್ಕ ಒಂದು ಸುತ್ತು. ಒಬ್ಬನು ಹೊಡೆಯುವುದು, ಇನ್ನೊಬ್ಬನು ಬರಿದೆ ತಪ್ಪಿಸಿಕೊಳ್ಳುವುದು ಎಂಬ ಒಂದು ಸುತ್ತು. ತಲೆಯನ್ನು ಬಿಟ್ಟು ಮೈಗೆ ಮಾತ್ರ ಗುದ್ದುವ ಒಂದು ಸುತ್ತು. ಇವೆಲ್ಲ ದಾಟಿದ ಮೇಲೆಯೇ ಎಲ್ಲ ಗುದ್ದುಗಳಿಗೂ ಎಡೆಯಿರುವ ಸ್ಪಾರಿಂಗ್. ಅದೂ ಹಗುರವಾದ ಕೈಯಿಂದ, ಸ್ಪರ್ಧೆಯ ಹತ್ತು ಹನ್ನೆರಡು ಔನ್ಸಿನ ಬದಲು ಹದಿನಾರು ಔನ್ಸಿನ, ಎಂದರೆ ಸುಮಾರು 450 ಗ್ರಾಮಿನ, ದಪ್ಪ ಗವಸಿನಿಂದ.

ಈ ಕ್ರಮದಲ್ಲಿ ಜ್ಯಾಬಿಗೆ ಮೊದಲ ಸ್ಥಾನವಿರುವುದು ಆಕಸ್ಮಿಕವಲ್ಲ. ಅಂಜಿದವನು ಸಹಜವಾಗಿ ಮಾಡುವುದು ಎರಡೇ: ಗವಸುಗಳ ಹಿಂದೆ ಮುಖ ಹುದುಗಿಸಿ ನೇರವಾಗಿ ಹಿಂದಕ್ಕೆ ಸರಿದು ಹಗ್ಗಕ್ಕೆ ಒರಗುವುದು, ಇಲ್ಲವೆ ಕಣ್ಣು ಮುಚ್ಚಿ ಮನಬಂದಂತೆ ಎರಡೂ ಕೈ ಬೀಸುವುದು. ಜ್ಯಾಬ್ ಇವೆರಡಕ್ಕೂ ಪರಿಹಾರ. ಅದು ಎದುರಾಳಿ ಎಷ್ಟು ದೂರದಲ್ಲಿರುವನೆಂದು ತಿಳಿಸುತ್ತದೆ, ಅವನು ಮುಂದೊತ್ತಿ ಬರುವುದನ್ನು ತಡೆಯುತ್ತದೆ, ಹೊಡೆದವನ ಗಲ್ಲವನ್ನು ಅವನದೇ ಭುಜದ ಮರೆಗೆ ತರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತನಗೇನಾಗುವುದೋ ಎಂದು ಕಾಯುತ್ತಿದ್ದವನ ಮನಸ್ಸಿಗೆ ತಾನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಕೊಡುತ್ತದೆ. ಇದರೊಡನೆ ಪ್ರತಿಯೊಂದು ಗುದ್ದಿನೊಂದಿಗೂ ಉಸಿರನ್ನು ಮೂಗಿನಿಂದ ಚುರುಕಾಗಿ ಹೊರಬಿಡುವ ಅಭ್ಯಾಸವಾದರೆ, ಬಿಗಿಹಿಡಿದ ಉಸಿರಿನಿಂದ ಬರುವ ದಣಿವು ಅರ್ಧಕ್ಕರ್ಧ ತಗ್ಗುತ್ತದೆ. ‘ಈ ಸುತ್ತಿನಲ್ಲಿ ನೀನು ಗೆಲ್ಲಬೇಕಾಗಿಲ್ಲ, ಹತ್ತು ಜ್ಯಾಬ್ ಎಸೆ, ಪ್ರತಿ ಜ್ಯಾಬಿನ ಮೇಲೂ ಎಡಕ್ಕೊಂದು ಹೆಜ್ಜೆಯಿಡು’ ಎಂದು ಗುರು ಹೇಳಿದರೆ ಸಾಕು, ಹೊಸಬನ ಭುಜಗಳು ಕಿವಿಯಿಂದ ಕೆಳಗಿಳಿಯುತ್ತವೆ.

ಈಗ ಜೊತೆಗಾರನ ವಿಷಯ. ಹೊಸಬನ ಎದುರು ಇನ್ನೊಬ್ಬ ಹೊಸಬನನ್ನು ನಿಲ್ಲಿಸುವುದು ನ್ಯಾಯವೆಂದು ಮೇಲ್ನೋಟಕ್ಕೆ ತೋರಿದರೂ, ಇಬ್ಬರು ಹೆದರಿದವರು ಸೇರಿದಾಗಲೇ ಪೆಟ್ಟುಗಳು ಬಲವಾಗುತ್ತವೆ. ಒಬ್ಬನಿಗೆ ಅಕಸ್ಮಾತ್ತಾಗಿ ಜೋರಾಗಿ ತಗುಲುತ್ತದೆ, ಅವನು ಅದನ್ನು ದ್ವೇಷವೆಂದು ತಿಳಿದು ಬಡ್ಡಿಸಮೇತ ಹಿಂತಿರುಗಿಸುತ್ತಾನೆ. ಹೊಸಬನಿಗೆ ತಕ್ಕ ಜೊತೆಗಾರನೆಂದರೆ ತನ್ನ ಬಲವನ್ನು ಅಳೆದು ಕೊಡಬಲ್ಲ ಹಿರಿಯ ವಿದ್ಯಾರ್ಥಿ. ನಮ್ಮ ಗರಡಿಗಳಲ್ಲಿ ಹಿರಿಯ ಪೈಲ್ವಾನನು ಕಿರಿಯನಿಗೆ ತನ್ನ ಮೈಯನ್ನೇ ಒಡ್ಡಿ ಪಟ್ಟು ಹಾಕಿಸಿಕೊಳ್ಳುವ ವಾಡಿಕೆ ಹಿಂದಿನಿಂದಲೂ ಇದೆ. ವರ್ಷವಿಡೀ ಮತ್ತೆಮತ್ತೆ ಸ್ಪರ್ಧೆಗಿಳಿಯಬೇಕಾದ ಥಾಯ್ಲೆಂಡಿನ ಮುವಾಯ್ ಥಾಯ್ ಪಟುಗಳು ತಮ್ಮ ಶಿಬಿರಗಳಲ್ಲಿ ನಗುತ್ತ, ತಮಾಷೆ ಮಾಡುತ್ತ, ಮಕ್ಕಳಾಟದಂತೆ ಹಗುರವಾಗಿ ಸ್ಪಾರಿಂಗ್ ಮಾಡುವುದು ಪ್ರಸಿದ್ಧವಾಗಿದೆ. ಅವರನ್ನು ಮೆದುವಾದವರೆಂದು ಯಾರೂ ಹೇಳಲಾರರು. ಅಭ್ಯಾಸದಲ್ಲಿ ಅತಿಯಾದರೆ ಚಾಂಪಿಯನ್ನನೂ ಅಪಾಯದಿಂದ ಪಾರಾಗಲಾರ: 1974ರಲ್ಲಿ ಝೈರೆಯಲ್ಲಿ ಮಹಮ್ಮದ್ ಅಲಿಯೊಡನೆ ಸೆಪ್ಟೆಂಬರ್ 25ಕ್ಕೆ ನಿಶ್ಚಯವಾಗಿದ್ದ ಜಾರ್ಜ್ ಫೋರ್ಮನ್ನನ ಕಾಳಗವು ಅಕ್ಟೋಬರ್ 30ಕ್ಕೆ ಮುಂದೆ ಹೋದದ್ದು, ಸ್ಪಾರಿಂಗಿನಲ್ಲಿ ಜೊತೆಗಾರನ ಮೊಣಕೈ ತಗುಲಿ ಫೋರ್ಮನ್ನನ ಹುಬ್ಬಿನ ಬಳಿ ಸೀಳಿದ್ದರಿಂದ.

ಹುಬ್ಬಿನ ಗಾಯ ಮಾಯುತ್ತದೆ. ಮಾಯದ ಗಾಯಗಳ ಮಾತನ್ನು ಆಡದೆ ಈ ವಿಷಯವನ್ನು ಬರೆಯುವುದು ಪ್ರಾಮಾಣಿಕವಾಗದು. ಪೆಟ್ಟಿಗೆ ಮನಸ್ಸು ಒಗ್ಗಿಕೊಳ್ಳುತ್ತದೆ, ಮೈಚರ್ಮವೂ ಒಂದಿಷ್ಟು ಒಗ್ಗಿಕೊಳ್ಳುತ್ತದೆ, ಮಿದುಳು ಒಗ್ಗಿಕೊಳ್ಳುವುದಿಲ್ಲ. ತಲೆಗೆ ಬೀಳುವ ಪೆಟ್ಟುಗಳು ಅಭ್ಯಾಸದಲ್ಲಿ ಬಿದ್ದವೋ ಸ್ಪರ್ಧೆಯಲ್ಲಿ ಬಿದ್ದವೋ ಎಂಬ ಭೇದವನ್ನು ಅದು ಅರಿಯದು. ಹೆಡ್‌ಗಾರ್ಡ್ ತೊಟ್ಟರೆ ಸಾಕೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅದು ಚರ್ಮ ಸೀಳುವುದನ್ನು ತಡೆಯುತ್ತದೆಯೇ ಹೊರತು ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಅದನ್ನು ತೊಟ್ಟವರು ಹೆಚ್ಚು ಸುರಕ್ಷಿತರೆಂಬ ಎಣಿಕೆಯೇ ಸಂದೇಹಕ್ಕೊಳಗಾಗಿ, ಅಂತರರಾಷ್ಟ್ರೀಯ ಅಮೆಚೂರ್ ಸಂಸ್ಥೆಯು 2013ರಲ್ಲಿ ಪ್ರೌಢ ಪುರುಷರ ಸ್ಪರ್ಧೆಗಳಿಂದ ಅದನ್ನು ತೆಗೆದುಹಾಕಿತು; 2016ರ ರಿಯೊ ಒಲಿಂಪಿಕ್ಸಿನಲ್ಲಿ ಪುರುಷರು ಬರಿದಲೆಯಲ್ಲೇ ಹೋರಾಡಿದರು. ಆದುದರಿಂದ, ಪೆಟ್ಟಾದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಇವುಗಳಲ್ಲಿ ಯಾವುದೊಂದು ತೋರಿದರೂ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಅವರು ಒಪ್ಪುವ ತನಕ ಮತ್ತೆ ರಿಂಗನ್ನು ಹತ್ತಬಾರದು. ಏಟು ತಿಂದು ತಿಂದು ಧೈರ್ಯ ಬರಲೆಂಬ ಪದ್ಧತಿಯ ಮೂಲದೋಷ ಇಲ್ಲೇ ಇದೆ: ಅದು ಮನಸ್ಸಿನ ರೋಗಕ್ಕೆ ಮಿದುಳಿನಿಂದ ಶುಲ್ಕವನ್ನು ವಸೂಲು ಮಾಡುತ್ತದೆ.

ಅಂಜಿಕೆಯನ್ನು ತಾಳಿಕೊಳ್ಳಲು ಬಲುದೊಡ್ಡ ಸಹಾಯವೆಂದರೆ ಅದಕ್ಕೊಂದು ಎಲ್ಲೆಯಿದೆಯೆಂಬ ಅರಿವು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ನೋಡುವವರ ಎದೆ ನಡುಗಿಸುವಂಥದು. ಜಟ್ಟಿಗಳು ಕೈಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಪರಸ್ಪರ ತಲೆಗೆ ಗುರಿಯಿಡುತ್ತಾರೆ. ಆದರೂ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯತಕ್ಕದ್ದೆಂಬ ಕಟ್ಟಳೆ ಅಲ್ಲಿದೆ. ಅಷ್ಟು ಉಗ್ರವಾದ ಪಂದ್ಯಕ್ಕೂ ಹಿಂದಿನವರು ಗೆರೆಯೊಂದನ್ನು ಎಳೆದಿದ್ದರು. ಸ್ಪಾರಿಂಗಿಗೂ ಅಂಥ ಗೆರೆ ಇರಬೇಕು, ಅದು ಹೊಸಬನಿಗೆ ಮೊದಲೇ ತಿಳಿದಿರಬೇಕು: ಎಷ್ಟು ಸುತ್ತು, ಎಷ್ಟು ನಿಮಿಷ, ಯಾವ ಗುದ್ದು, ಎಷ್ಟು ಬಲ, ಯಾರ ಮಾತಿಗೆ ನಿಲ್ಲಬೇಕು. ‘ಸಾಕು’ ಎಂದು ಹೇಳುವ ಅಧಿಕಾರವು ತನಗಿದೆಯೆಂದು ತಿಳಿದವನು ಅದನ್ನು ಬಳಸುವುದು ಬಹಳ ಅಪರೂಪ. ಅದಿಲ್ಲವೆಂದು ತಿಳಿದವನು ಮೊದಲ ಗಂಟೆಯಿಂದಲೇ ಕಡೆಯ ಗಂಟೆಯನ್ನು ಕಾಯುತ್ತಿರುತ್ತಾನೆ.

ಇಷ್ಟು ನಾಜೂಕಾಗಿ ಬೆಳೆಸಿದವನು ನಿಜವಾದ ಸ್ಪರ್ಧೆಯಲ್ಲಿ ಮೊದಲ ಬಲವಾದ ಏಟಿಗೇ ಕುಸಿದುಬೀಳನೆ ಎಂದು ಕೇಳುವವರುಂಟು, ಆಕ್ಷೇಪವು ತೂಕವುಳ್ಳದ್ದು. ಸ್ಪರ್ಧೆಗೆ ಇಳಿಯುವವನಿಗೆ ಬಿರುಸಾದ ಸ್ಪಾರಿಂಗ್ ಒಂದು ಹಂತದಲ್ಲಿ ಬೇಕೇ ಬೇಕು. ಅದು ಏಣಿಯ ಮೇಲಣ ಮೆಟ್ಟಿಲು, ಅದನ್ನು ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ, ಕೆಳಗೆ ತಂದಿಡಬಾರದೆಂದಷ್ಟೇ ಹೇಳುತ್ತಿದ್ದೇನೆ. ಇನ್ನು ಕೆಲವರು ನಿಜಾಮಾಬಾದಿನ ನಿಖತ್ ಜರೀನರ ಉದಾಹರಣೆಯನ್ನು ಕೊಡುತ್ತಾರೆ. ಮೊದಲ ದಿನಗಳಲ್ಲಿ ಹುಡುಗನೊಬ್ಬನೊಡನೆ ಸ್ಪಾರಿಂಗ್ ಮಾಡಿ ಮುಖ ಊದಿಸಿಕೊಂಡು ಮನೆಗೆ ಹೋದಾಗ ತಾಯಿ ಕಣ್ಣೀರಿಟ್ಟುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಹುಡುಗಿಯೇ 2022ರಲ್ಲಿ ಇಸ್ತಾಂಬುಲಿನಲ್ಲಿಯೂ 2023ರಲ್ಲಿ ದೆಹಲಿಯಲ್ಲಿಯೂ ವಿಶ್ವಚಾಂಪಿಯನ್ನಾದದ್ದು ಲೋಕಕ್ಕೆ ಗೊತ್ತು. ಆದರೆ ಇದರಿಂದ ಸಿದ್ಧವಾಗುವುದು ಆಕೆಯ ಸಂಕಲ್ಪದ ಅಸಾಧಾರಣತೆಯೇ ಹೊರತು ಊದಿದ ಮುಖದ ಉಪಯುಕ್ತತೆಯಲ್ಲ. ಅಸಾಧಾರಣರಿಗೆ ಯಾವ ಪದ್ಧತಿಯಾದರೂ ಸಾಗುತ್ತದೆ. ಪದ್ಧತಿಯೆಂಬುದು ಇರುವುದು ಸಾಧಾರಣರಿಗಾಗಿ. ಅಸ್ಸಾಮಿನ ಲವ್ಲಿನಾ ಬೊರ್ಗೊಹಾಯಿನ್ 2018ರ ದೆಹಲಿಯ ವಿಶ್ವಚಾಂಪಿಯನ್‌ಷಿಪ್ಪಿನ ಸೆಮಿಫೈನಲಿನಲ್ಲಿ ತೈವಾನಿನ ಚೆನ್ ನಿಯೆನ್ ಚಿನ್ ಎದುರು ಸೋತಿದ್ದರು. 2021ರ ಜುಲೈಯಲ್ಲಿ ಟೋಕಿಯೊ ಒಲಿಂಪಿಕ್ಸಿನ ಕ್ವಾರ್ಟರ್‌ಫೈನಲಿನಲ್ಲಿ ಅದೇ ಎದುರಾಳಿಯನ್ನು 4–1ರಿಂದ ಸೋಲಿಸಿ ಪದಕವನ್ನು ನಿಶ್ಚಯಮಾಡಿಕೊಂಡರು. ಆ ಎರಡು ದಿನಗಳ ನಡುವೆ ನಡೆದದ್ದು ಸುಮಾರು ಮೂರು ವರ್ಷಗಳ ಶ್ರಮ; ಒಂದು ಸಂಜೆಯ ಸಾಹಸದಿಂದ ಅಂಥ ಅಂತರವನ್ನು ದಾಟಲಾಗದು.

ಬೆಂಗಳೂರೇ ಮೊದಲಾದ ನಮ್ಮ ನಗರಗಳಲ್ಲಿ ಬಾಕ್ಸಿಂಗ್ ಈಗ ಪದಕದ ಆಸೆಯಿಲ್ಲದವರನ್ನೂ ಆಕರ್ಷಿಸುತ್ತಿದೆ. ಮೈಕರಗಿಸಲೆಂದು ಬರುವ ನೌಕರರು, ಆತ್ಮರಕ್ಷಣೆಗೆಂದು ಬರುವ ಹೆಣ್ಣುಮಕ್ಕಳು, ರಜೆಯ ದಿನಗಳಲ್ಲಿ ತಾಯ್ತಂದೆಯರು ಕರೆತರುವ ಹುಡುಗರು ಅಲ್ಲಿ ಸೇರುತ್ತಾರೆ. ಇವರಲ್ಲಿ ಸ್ಪಾರಿಂಗ್ ಬೇಡವೆನ್ನುವವರನ್ನು ಯಾರೂ ಒತ್ತಾಯಿಸಬಾರದು. ಬೇಕೆನ್ನುವವರಿಗೆ ಅದು ಕೊಡುವ ಲಾಭವೋ ಬಹು ದೊಡ್ಡದು. ತನ್ನತ್ತ ಬರುವ ಪೆಟ್ಟನ್ನು ಕಣ್ತೆರೆದು ನೋಡುವುದು, ಪೆಟ್ಟು ತಗುಲಿದರೂ ಕೋಪಗೊಳ್ಳದೆ ಸ್ಥಾನಕ್ಕೆ ಮರಳುವುದು, ತನಗಿಂತ ದುರ್ಬಲನ ಎದುರು ಕೈಯನ್ನು ಹಗುರಗೊಳಿಸುವುದು, ಗಂಟೆಯಾದೊಡನೆ ಗವಸು ತಾಗಿಸಿ ನಗುವುದು, ಇಷ್ಟನ್ನು ಒಟ್ಟಿಗೇ ಕಲಿಸುವ ಶಾಲೆ ಬೇರೆ ಯಾವುದಿದೆಯೋ ನಾನರಿಯೆ. ಮಕ್ಕಳನ್ನು ಅಲ್ಲಿಗೆ ಸೇರಿಸುವ ತಾಯ್ತಂದೆಯರು ಶುಲ್ಕವೆಷ್ಟೆಂದು ವಿಚಾರಿಸುವುದರ ಜೊತೆಗೆ ಗುರುವನ್ನು ಮೂರು ಪ್ರಶ್ನೆ ಕೇಳಲಿ: ಮೊದಲ ಸ್ಪಾರಿಂಗಿನ ದಿನ ನನ್ನ ಮಗುವಿಗೆ ಯಾವ ಕೆಲಸವನ್ನು ಕೊಡುವಿರಿ, ಎದುರಿಗೆ ಯಾರನ್ನು ನಿಲ್ಲಿಸುವಿರಿ, ಅದು ಸಾಕೆಂದರೆ ನಿಲ್ಲಿಸುವಿರಾ? ಈ ಮೂರಕ್ಕೂ ತಡವರಿಸದೆ ಉತ್ತರ ಕೊಡುವವನ ಕೈಗೆ ಮಗುವನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಕೊಡಲಾರದವನಲ್ಲಿ ಅದು ಚೀಲ ಗುದ್ದಿ, ಹಗ್ಗ ಜಿಗಿದು ಮನೆಗೆ ಬರಲಿ.